ವಿಭೂತಿ ಹಚ್ಚಿದ ಎಲ್ಬೋ

ನಮ್ಮ ಬಚ್ಚಲಮನೆಯ ಗೋಡೆ ಒಡೆಯಲು ನಾನು ಬಿಡಲಿಲ್ಲವಲ್ಲ, ಅದು ಬರೀ ಹಟ ಎಂದು ನಮ್ಮ ಮನೆಯವರು ಕಲಬುರಗಿಯ ನಮ್ಮ ಗಾಜಿಪುರದ ಓಣಿ ತುಂಬ ಹೇಳಿಕೊಂಡು ಬಂದಿದ್ದಾರೆ. ಹಟವೇ ಹೌದು. ಅದರಲ್ಲಿ ಮುಚ್ಚುಮರೆ ಏನಿದೆ? ಅರವತ್ತೆರಡು ವರ್ಷದ, ಮೊಣಕಾಲು ನೋವಿನ, ನಿವೃತ್ತ ಅಕ್ಕೋರು ಒಬ್ಬಳು ಸೆರಗು ಸಿಕ್ಕಿಸಿ ಪೈಪ್ ಪಾನಾ ಹಿಡಿದು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತಳೆಂದರೆ ಹಟವಲ್ಲದೆ ಇನ್ನೇನು ಎಂದು ನೀವೂ ಕೇಳಬಹುದು. ಹಟದ ಹಿಂದೆ ಒಂದು ಕಾರಣವೂ ಇದೆ. ಹೇಳುತ್ತೇನೆ, ಆದರೆ ನೇರವಾಗಿ ಹೇಳುವ ಅಭ್ಯಾಸ ನನಗಿಲ್ಲ. ಶಾಲೆಯಲ್ಲೂ ಏಳರ ಮಗ್ಗಿ ಕಲಿಸಲು ಹೋಗಿ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನ ಕಥೆ ಹೇಳಿ ಗಂಟೆ ಮುಗಿಸುತ್ತಿದ್ದವಳು ನಾನು.

ಶುರುವಾದದ್ದು ಒಂದು ಒದ್ದೆ ಕಲೆಯಿಂದ. ಬಚ್ಚಲ ಮೂಲೆಯಲ್ಲಿ, ನಳದಿಂದ ಗೇಣು ದೂರದಲ್ಲಿ, ಗೋಡೆಯ ಮೇಲೆ ಅಂಗೈಯಗಲ ನೀರಿನ ಮಚ್ಚೆ ಕಾಣಿಸಿಕೊಂಡಿತು. ವಾರದಲ್ಲಿ ಅದು ಜೋಳದ ರೊಟ್ಟಿಯಷ್ಟಾಯಿತು. ನಮ್ಮ ಮನೆಯವರು ರಫೀಕನಿಗೆ ಫೋನು ಮಾಡಿದರು. ರಫೀಕ ನಮ್ಮ ಓಣಿಯವನೇ, ಮೂರನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಓದಿದವನು. ಈಗ ಅರ್ಧ ಊರಿನ ನಳದ ಕೆಲಸ ಅವನದೇ. ಬಂದವನು ಗೋಡೆಗೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು, ಡಾಕ್ಟರರ ಹಾಗೆ ತಲೆ ಅಲ್ಲಾಡಿಸಿದ. ಒಳಗಿನ ಕಬ್ಬಿಣದ ಲೈನು ಖತಂ ಆಗಿದೆ, ಪೂರಾ ಗೋಡೆ ಒಡೆದು ಪ್ಲಾಸ್ಟಿಕ್ಕಿನ ಹೊಸ ಪೈಪು ಹಾಕಬೇಕು, ಎರಡು ದಿನದ ಕೆಲಸ ಎಂದ.

ಅಲ್ಲಿಯವರೆಗೆ ನನ್ನದೇನೂ ತಕರಾರಿರಲಿಲ್ಲ. ನಮ್ಮ ಮನೆಯವರು ಬಾಯಿ ಹಾಕಿದರು ನೋಡಿ, ಅಲ್ಲಿ ಕೆಟ್ಟಿತು.

"ನಿಮ್ಮಪ್ಪನ ಕೆಲಸ ಮೂವತ್ತು ವರ್ಷ ಬಂತಲ್ಲ, ಬಾಳ ಆಯ್ತು ಬಿಡು. ಈಗ ಕೈ ಕೊಡ್ತು."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬಂದವರಿಗೆಲ್ಲ ಬಚ್ಚಲು ತೋರಿಸಿ, ನಮ್ಮ ಮಾವನವರ ಕೊನೆಯ ಕೆಲಸ ಇದು, ಒಂದು ಹನಿ ಸೋರಿಲ್ಲ ಎಂದು ಮೂವತ್ತು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದವರೇ ಅವರು. ಆದರೆ ಕೈ ಕೊಡ್ತು ಎಂಬ ಮಾತು ನನಗೆ ಚುಚ್ಚಿತು. ಆ ಕೈಯ ಸಂಗತಿ ಇವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೋಡೆ ಮುಟ್ಟಬೇಡಿ ಎಂದೆ. ಅಟ್ಟ ಹತ್ತಿ ಅಪ್ಪನ ಖಾಕಿ ಚೀಲ ಇಳಿಸಿದೆ.

ಚೀಲದಲ್ಲಿ ಹೆಚ್ಚೇನಿಲ್ಲ. ಎರಡು ಪೈಪ್ ಪಾನಾ, ಒಣಗಿ ಕಲ್ಲಾದ ಸಫೇದಾ ಡಬ್ಬಿ, ಒಂದು ಹಿಡಿ ಸಣಬಿನ ನಾರು, ಒಂದು ವಿಭೂತಿ ಗಟ್ಟಿ. ಸಣಬನ್ನು ಮೂಗಿಗೆ ಹಿಡಿದೆ. ಎಣ್ಣೆ, ತುಕ್ಕು, ಅಪ್ಪನ ಬೀಡಿ, ಮೂರೂ ಬೆರೆತ ವಾಸನೆ ಇನ್ನೂ ಇತ್ತು. ಹೀಗೆ ಸಣಬು ಮೂಸುತ್ತ ಅಟ್ಟದ ಏಣಿಯ ಕೆಳಗೆ ನಿಂತ ಹೆಂಡತಿಯನ್ನು ನೋಡಿ ನಮ್ಮ ಮನೆಯವರು ರಫೀಕನನ್ನು ಚಹಾ ಕುಡಿಯೋಣ ಬಾ ಎಂದು ಹೊರಗೆ ಕರೆದುಕೊಂಡು ಹೋದರು.

ಅಪ್ಪನನ್ನು ಕಮಲಾಪುರದಲ್ಲಿ ಎಲ್ಲರೂ ನಳದ ಬಸಣ್ಣ ಎನ್ನುತ್ತಿದ್ದರು. ಮುಂಜಾನೆಯ ಮೊದಲ ಬಸ್ಸಿಗೆ ಕಲಬುರಗಿಗೆ ಬಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಅವನ ಕಾಲದ ಜೋಡಣೆ ಈಗಿನ ಹಾಗೆ ಐದು ನಿಮಿಷದ್ದಲ್ಲ. ಕಬ್ಬಿಣದ ಪೈಪನ್ನು ಬಿಗಿಯಾಗಿ ಹಿಡಿಸಿ, ಡೈ ಎಂಬ ಸಲಕರಣೆಯಿಂದ ಅದರ ತುದಿಗೆ ತಿರುಪು ಕೊರೆಯಬೇಕು. ಕೊರೆಯುವಾಗ ಎಣ್ಣೆ ಹನಿಸುತ್ತಿರಬೇಕು. ತಿರುಪಿನ ಗೀರುಗಳ ಮೇಲೆ ಸಣಬಿನ ಎಳೆ ಸುತ್ತಿ, ಮೇಲೆ ಸಫೇದಾ ಎಂಬ ಬಿಳಿ ಮುಲಾಮು ಬಳಿದು, ಮೂಲೆ ತಿರುಗಿಸುವ ಎಲ್ಬೋ ಆಗಲಿ ನೇರ ಕೂಡಿಸುವ ಸಾಕೆಟ್ ಆಗಲಿ ಕೈಯಿಂದ ತಿರುಗುವಷ್ಟು ತಿರುಗಿಸಿ, ಆಮೇಲೆ ಪಾನಾ ಹಾಕಿ ಬಿಗಿ ಮಾಡಬೇಕು. ಎಷ್ಟು ಬಿಗಿ ಎಂದು ಯಾವ ಪುಸ್ತಕದಲ್ಲೂ ಇಲ್ಲ. ಒಂದು ಹಂತದಲ್ಲಿ ಪೈಪು ಸಾಕು ಎನ್ನುತ್ತದೆ, ಅದು ಮೊಣಕೈಗೆ ಕೇಳಿಸುತ್ತದೆ ಎನ್ನುತ್ತಿದ್ದ.

ಕೆಲಸ ಮುಗಿದ ಮೇಲೆ ನೀರು ಬಿಟ್ಟು, ಜೋಡಣೆಯನ್ನು ಒಣಬಟ್ಟೆಯಿಂದ ಒರೆಸಿ, ಮೂರು ಬೆರಳಿನಿಂದ ಅದರ ಮೇಲೆ ವಿಭೂತಿ ಎಳೆಯುವುದು ಅವನ ಪದ್ಧತಿ. ಭಕ್ತಿಯಿಂದಲ್ಲ. ಕಣ್ಣಿಗೆ ಕಾಣದಷ್ಟು ಸೋರಿಕೆ ಇದ್ದರೂ ಒಣ ವಿಭೂತಿ ಕಪ್ಪಗಾಗುತ್ತದೆ, ಇಲ್ಲದಿದ್ದರೆ ಬೆಳ್ಳಗೆ ಉಳಿಯುತ್ತದೆ. ಒಂದು ತಾಸು ಕಾದು, ಬೆಳ್ಳಗೆ ಉಳಿದಿದ್ದರೆ ಮಾತ್ರ ಚೀಲ ಕಟ್ಟುತ್ತಿದ್ದ. ಮುಸಲ್ಮಾನರ ಮನೆಗಳಲ್ಲಿ ಸೀಮೆಸುಣ್ಣದ ಪುಡಿ ಬಳಸುತ್ತಿದ್ದ. ಕಲಬುರಗಿಯ ಐವಾನ್-ಎ-ಶಾಹಿ ಕಡೆ ಒಬ್ಬ ಅಧಿಕಾರಿ ಸಾಹೇಬರ ಬಂಗಲೆಯಲ್ಲಿ ಈ ವಿಭೂತಿಯಿಂದ ಫಜೀತಿಯೇ ಆಯಿತು. ಕೈ ತೊಳೆಯುವ ಬೋಗುಣಿಯ ಕೆಳಗಿನ ಪೈಪಿಗೆ ವಿಭೂತಿ ಕಂಡ ಸಾಹೇಬರ ಹೆಂಡತಿ, ಮಿಸ್ತ್ರಿ ಪೂಜೆ ಮಾಡಿ ಹೋಗಿದ್ದಾನೆ ಎಂದು ತಿಳಿದು, ಆಳುಗಳಿಗೆ ಒರೆಸಬೇಡಿ ಎಂದು ಅಪ್ಪಣೆ ಕೊಟ್ಟಳು. ಸೋಮವಾರ ಸೋಮವಾರ ತಾನೇ ಬಗ್ಗಿ ಹೊಸ ವಿಭೂತಿ ಹಚ್ಚಿ ಊದುಬತ್ತಿಯನ್ನೂ ಸಿಕ್ಕಿಸಿದಳು. ನಾಲ್ಕು ತಿಂಗಳ ಮೇಲೆ ಅಪ್ಪ ಬೇರೆ ಕೆಲಸಕ್ಕೆ ಹೋದಾಗ ಆ ಪೈಪು ಗದ್ದುಗೆಯಂತೆ ಆಗಿತ್ತು. ಅಪ್ಪ ಕೈ ಮುಗಿದು ಬಂದ.

ಆ ಬಂಗಲೆಯ ಕೆಲಸಕ್ಕೆ ನಾನೂ ಹೋಗಿದ್ದೆ. ಅದಕ್ಕೆ ನನ್ನ ಎಡಗೈ ಕಾರಣ. ನಾನು ಹುಟ್ಟಾ ಎಡಚಿ. ಎಡಗೈಯಲ್ಲಿ ಉಣ್ಣುವ ಹುಡುಗಿಯನ್ನು ಯಾರ ಮನೆಗೆ ಕೊಡುವುದು ಎಂದು ಅವ್ವ ಊಟದ ಹೊತ್ತಿಗೆ ಆ ಕೈಯನ್ನು ಬೆನ್ನ ಹಿಂದೆ ಸೀರೆಯ ಅಂಚಿನಿಂದ ಕಟ್ಟುತ್ತಿದ್ದಳು. ಶಾಲೆಯಲ್ಲಿ ಮಾಸ್ತರರು ಗೆಣ್ಣಿಗೆ ರೂಲುದೊಣ್ಣೆ ಕೊಡುತ್ತಿದ್ದರು. ಇಷ್ಟೆಲ್ಲ ಮಾಡಿದರೂ ನನ್ನ ಬಲಗೈ ಈವತ್ತಿಗೂ ಉಣ್ಣುವುದೊಂದನ್ನು ಬಿಟ್ಟು ಯಾವುದಕ್ಕೂ ಬಾರದ ಸೋಮಾರಿ. ಅಪ್ಪ ಮಾತ್ರ ಒಂದು ಬೇಸಿಗೆ ರಜೆಯಲ್ಲಿ ನನ್ನನ್ನು ದಿಟ್ಟಿಸಿ ನೋಡಿ, ಮೂಲೆ ಕೆಲಸಕ್ಕೆ ಇಂಥ ಕೈ ಬೇಕು ಎಂದ. ಬಲಕ್ಕೆ ಗೋಡೆ ಇರುವ ಮೂಲೆಯಲ್ಲಿ ಪಾನಾ ಎಳೆಯಲು ಬಲಗೈಯವರು ಮೈಯನ್ನೆಲ್ಲ ತಿರುಚಬೇಕು, ನನ್ನ ಕೈ ಸಲೀಸಾಗಿ ಹೋಗುತ್ತಿತ್ತು. ಊರಲ್ಲಿ ಎಲ್ಲರೂ ಕಟ್ಟಿಹಾಕಿದ ಕೈಯನ್ನು ಅಪ್ಪ ಬಸ್ ಚಾರ್ಜು ಕೊಟ್ಟು ಕಲಬುರಗಿಗೆ ಕರೆದೊಯ್ಯುತ್ತಿದ್ದ.

ಆದರೆ ನಾನು ಮಾಡಿದ ಮೊದಲ ಜೋಡಣೆಗೆ ಹಚ್ಚಿದ ವಿಭೂತಿ ಅರ್ಧ ತಾಸಿನಲ್ಲಿ ಕಪ್ಪಗಾಯಿತು. ತಿರುಪು ಯಾವ ದಿಕ್ಕಿಗೆ ಬಿಗಿಯಾಗುತ್ತದೋ ಸಣಬನ್ನು ಅದೇ ದಿಕ್ಕಿಗೆ ಸುತ್ತಬೇಕು. ಎಡಗೈ ತನಗೆ ತಿಳಿಯದೆಯೇ ಅದರ ವಿರುದ್ಧ ಸುತ್ತುತ್ತದೆ. ಹಾಗೆ ಸುತ್ತಿದರೆ ಎಲ್ಬೋ ತಿರುಗಿಸುವಾಗ ಎಳೆ ಒಳಗೆ ಹೋಗುವ ಬದಲು ಬಿಚ್ಚಿಕೊಂಡು ಹೊರಗೆ ಗುಂಗುರು ಏಳುತ್ತದೆ. ನಾನು ಅತ್ತೆ. ಅಪ್ಪ ಬೈಯಲಿಲ್ಲ.

"ಪೈಪಿಗಿ ನಿನ್ನ ಕೈ ಯಾವ್ದಂತ ಬೇಕಾಗಿಲ್ಲವ್ವಾ. ಸುತ್ತು ಯಾವ ಕಡಿ ಅಂತ ಅಷ್ಟ ಬೇಕು. ಕೈ ಬದಲ್ ಮಾಡಬ್ಯಾಡ, ಸುತ್ತು ಬದಲ್ ಮಾಡು."

ಮುಂದೆ ನಾನು ಶಾಲೆಗೆ ಅಕ್ಕೋರಾಗಿ ಹೋದಾಗ, ಎಡಚ ಮಕ್ಕಳ ತಾಯಂದಿರು ಬಂದು ಈ ಕೈ ಬಿಡಿಸಿ ಕೊಡ್ರಿ ಎಂದು ಬೇಡಿಕೊಂಡರೆ ಬಾಗಿಲು ತೋರಿಸುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರೊಬ್ಬರು ನಾನು ಎಡಗೈಯಲ್ಲಿ ಹಲಗೆಯ ಮೇಲೆ ಬರೆಯುವುದನ್ನು ನೋಡಿ ಮಕ್ಕಳು ಕೆಡುತ್ತಾರೆ ಎಂದಾಗ, ಅಕ್ಷರ ಡೊಂಕಾಗಿದ್ದರೆ ಹೇಳಿರಿ, ಕೈಯ ಸುದ್ದಿ ಬೇಡ ಎಂದಿದ್ದೆ. ನನ್ನ ಹಟ ನಿನ್ನೆ ಮೊನ್ನೆಯದಲ್ಲ.

ಈಗ ಆ ಕೈಯ ಸಂಗತಿ. ಮೂವತ್ತು ವರ್ಷದ ಹಿಂದೆ ನಾವು ಗಾಜಿಪುರದಲ್ಲಿ ಈ ಮನೆ ಕಟ್ಟಿಸುವಾಗ ನಮ್ಮ ಮನೆಯವರು ನೌಕರಿಯ ಮೇಲೆ ಬೀದರಿನಲ್ಲಿದ್ದರು. ನಳದ ಕೆಲಸ ನಾನೇ ಮಾಡುತ್ತೇನೆ ಎಂದು ಅಪ್ಪ ಕಮಲಾಪುರದಿಂದ ಬಂದ. ಬಂದವನ ಬಲಗೈಗೆ ಎರಡು ತಿಂಗಳ ಹಿಂದೆ ಲಕ್ವಾ ಹೊಡೆದಿತ್ತು. ತುಂಬು ತೋಳಿನ ಅಂಗಿ ಹಾಕಿ, ಕೈಯನ್ನು ಧೋತರದ ಮಡಿಕೆಯಲ್ಲಿ ಇಟ್ಟುಕೊಂಡು, ಯಾರಿಗೂ ಗೊತ್ತಾಗದಂತೆ ತಿರುಗಾಡುತ್ತಿದ್ದ. ಗೌಂಡಿಗಳನ್ನು ಚಹಾಕ್ಕೆ ಕಳಿಸಿ ಬಾಗಿಲು ಮುಂದೆ ಮಾಡಿ, ಸಿಮೆಂಟ್ ಚೀಲದ ಮೇಲೆ ಕೂತು, ಹೂಂ, ಶುರು ಮಾಡು ಎಂದ. ಹನ್ನೊಂದು ದಿನ ಅವನು ಹೇಳಿದ, ನಾನು ಮಾಡಿದೆ. ತಿರುಪು ಕೊರೆದದ್ದು, ಸಣಬು ಸುತ್ತಿದ್ದು, ಪಾನಾ ಎಳೆದದ್ದು ಎಲ್ಲ ನಾನು. ವಿಭೂತಿ ಮಾತ್ರ ಅವನು ಎಳೆಯುತ್ತಿದ್ದ, ಎಡಗೈಯಿಂದ. ಈಗ ನಾನೂ ನಿನ್ನ ಪಾರ್ಟಿ ಸೇರಿದೆ ನೋಡು ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಇದನ್ನು ಯಾರ ಮುಂದೆಯೂ ಹೇಳಬೇಡ, ಬಸಣ್ಣನ ಕೈ ಹೋಯಿತು ಎನ್ನುವುದು ಬೇಡ ಎಂದ. ಹೇಳಲಿಲ್ಲ. ಆರು ತಿಂಗಳಲ್ಲಿ ಅವನು ಹೋದ. ಇದು ಅವನ ಕೊನೆಯ ಕೆಲಸ ಎಂದು ಎಲ್ಲರೂ ನಂಬಿದರು, ನಾನೂ ನಂಬಿದವಳ ಹಾಗೆ ಇದ್ದೆ.

ಹಾಗಾಗಿ ಕೈ ಕೊಡ್ತು ಎಂದರೆ ಯಾರ ಕೈ ಎಂದು ನನಗಷ್ಟೇ ಗೊತ್ತು. ಗೋಡೆ ಒಡೆದು ಪೈಪು ಕಿತ್ತು ಅಂಗಳಕ್ಕೆ ಎಸೆದರೆ, ಬಸಣ್ಣನ ಕೆಲಸ ಸೋರಿತಂತೆ ಎಂಬ ಮಾತು ಉಳಿಯುತ್ತದೆ. ಅವನು ಮಾಡದ ಕೆಲಸಕ್ಕೆ ಅವನ ಹೆಸರು ಕೆಡುವುದು ನನಗೆ ಬೇಡವಾಗಿತ್ತು. ನಿಜ ಹೇಳಿದರೆ ಅವನಿಗೆ ಕೊಟ್ಟ ಮಾತು ಮುರಿಯುತ್ತದೆ. ಉಳಿದದ್ದು ಒಂದೇ ದಾರಿ, ಜಗಳ.

ಚಹಾ ಕುಡಿದು ಬಂದ ರಫೀಕನ ಜೊತೆ ಜಗಳಕ್ಕೆ ನಿಂತೆ. ಅವನು ಪಾಪ, ಮೊದಲು ಪಾಠ ಮಾಡಿದ. ಹೊಸ ಪೈಪನ್ನು ನೇರ ಕತ್ತರಿಸಿ, ತುದಿ ಒರೆಸಿ, ಎರಡೂ ಕಡೆ ಸಲ್ಯೂಷನ್ ಎಂಬ ಅಂಟು ಬಳಿದು, ಒಳಗೆ ನೂಕಿ ಕಾಲು ಸುತ್ತು ತಿರುಗಿಸಿ ಒಂದಿಷ್ಟು ಹೊತ್ತು ಹಿಡಿದರೆ ಆಯಿತು, ಎರಡೂ ಕರಗಿ ಒಂದಾಗುತ್ತವೆ ಎಂದ. ತುಕ್ಕಿಲ್ಲ, ನಮ್ಮ ಸವಳು ನೀರಿನ ಬಿಳಿ ಪದರ ಕಟ್ಟುವುದಿಲ್ಲ. ಇನ್ನೂ ಜೋರು ಬೇಕೆಂದರೆ ಕಪನೂರಿನ ಕಾರ್ಖಾನೆ ಶೆಡ್ಡುಗಳಲ್ಲಿ ಹಾಕುವ ದಪ್ಪ ಪೈಪು ಇದೆ, ಅದರ ತುದಿಗಳನ್ನು ಬಿಸಿ ಯಂತ್ರಕ್ಕೆ ಸಿಕ್ಕಿಸಿ ಮೆತ್ತಗೆ ಮಾಡಿ ಒಂದಕ್ಕೊಂದು ಒತ್ತುತ್ತಾರೆ ಎಂದ. ಕಬ್ಬಿಣದ ಪೈಪಿನೊಳಗೆ ಈಗ ಬೆರಳು ಹೋಗುವಷ್ಟು ಜಾಗವೂ ಉಳಿದಿರುವುದಿಲ್ಲ ಎಂದ. ಅದು ನಿಜ. ನಮ್ಮ ನಳದ ಧಾರೆ ಎರಡು ವರ್ಷದಿಂದ ಸೂಜಿಯಷ್ಟು ಸಣ್ಣಗಾಗಿತ್ತು, ಆದರೆ ಅದನ್ನು ಆ ಹೊತ್ತಿನಲ್ಲಿ ಒಪ್ಪಿಕೊಳ್ಳಲು ನನಗೇನು ತಲೆ ಕೆಟ್ಟಿದೆಯೇ?

ಒಪ್ಪಿಕೊಳ್ಳದೆ ಕೇಳಿದೆ. ನಿನ್ನ ಸಲ್ಯೂಷನ್ನಿನ ಜೋಡಣೆಯಲ್ಲಿ ತಪ್ಪಾದರೆ ಬಿಚ್ಚಿ ಸರಿ ಮಾಡಲು ಬರುತ್ತದೆಯೇ? ಬರುವುದಿಲ್ಲ, ಕತ್ತರಿಸಿ ಎಸೆಯಬೇಕು ಎಂದ. ಮಾಳಿಗೆಯ ಮೇಲೆ ನಮ್ಮ ಕಲಬುರಗಿ ಬಿಸಿಲಿಗೆ ಹೋದ ಸಲ ನೀನೇ ಹಾಕಿದ ಬಿಳಿ ಪೈಪು ಸೌತೆಕಾಯಿಯ ಹಾಗೆ ಬಾಗಿರುವುದು ಯಾಕೆ? ಅದು ಬೇರೆ ನಮೂನೆಯದು ಅಕ್ಕೋರೆ ಎಂದ. ಅಪ್ಪ ಪ್ರತಿ ಲೈನಿನಲ್ಲೂ ಕೈಗೆ ಸಿಗುವ ಕಡೆ ಒಂದು ಯೂನಿಯನ್ ಹಾಕಿಸುತ್ತಿದ್ದ. ಎರಡು ಪೈಪುಗಳ ನಡುವೆ ಬಿಚ್ಚಿ ಮತ್ತೆ ಬಿಗಿಯಬಹುದಾದ ದಪ್ಪ ಉಂಗುರ ಅದು. ಮನುಷ್ಯ ತಪ್ಪು ಮಾಡುತ್ತಾನೆ, ತಿದ್ದಿಕೊಳ್ಳಲು ಒಂದು ಜಾಗ ಇರಬೇಕು ಎನ್ನುತ್ತಿದ್ದ. ಆ ಯೂನಿಯನ್ ನಳದ ಪಕ್ಕದಲ್ಲೇ ಇದೆ, ಪೂರಾ ಗೋಡೆ ಯಾಕೆ, ಊಟದ ತಟ್ಟೆಯಗಲ ಗೋಡೆಯ ಮೇಲಿನ ಗಿಲಾಯಿ ಕೆತ್ತು, ಸೋರುವ ಜಾಗ ಮಾತ್ರ ನೋಡೋಣ ಎಂದೆ. ಸೋರುತ್ತಿರುವುದು ಯಾವುದೋ ತೂತು ಬಿದ್ದ ಪೈಪು, ಜೋಡಣೆ ಅಲ್ಲವೇ ಅಲ್ಲ ಎಂದು ಬೆರಳು ಮಾಡಿ ಹೇಳಿದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ಇವಳ ಹತ್ತಿರ ನಾನು ಮೂವತ್ತೇಳು ವರ್ಷದಿಂದ ಗೆದ್ದಿಲ್ಲ, ನೀನು ಕೆತ್ತು ಎಂದರು.

ಕೆತ್ತಿದ. ಗಾರೆ ಉದುರಿತು. ಎಲ್ಬೋ ಕಾಣಿಸಿತು. ಪೈಪಿಗೆ ಏನೂ ಆಗಿರಲಿಲ್ಲ. ನೀರು ಬರುತ್ತಿದ್ದದ್ದು ಜೋಡಣೆಯಿಂದಲೇ, ಕಣ್ಣೀರಿನ ಹಾಗೆ, ಒಂದೊಂದೇ ಹನಿ. ಎಲ್ಬೋದ ಅಂಚಿನಲ್ಲಿ ಸಣಬು ಹೊರಗೆ ಗುಂಗುರು ಎದ್ದು ಗಟ್ಟಿಯಾಗಿತ್ತು. ರಫೀಕ ಟಾರ್ಚು ಹಿಡಿದು ಬಗ್ಗಿದ.

"ಅಕ್ಕೋರೆ, ಇದನ್ನ ಉಲ್ಟಾ ಸುತ್ಯಾರ. ಬಸಣ್ಣ ಮಿಸ್ತ್ರಿ ಹಿಂಗ ಹ್ಯಾಂಗ ಮಾಡಿದ್ರು?"

ಹನ್ನೊಂದು ದಿನದಲ್ಲಿ ಯಾವ ಗಳಿಗೆಯಲ್ಲೋ ಮೈಮರೆತು ನನ್ನ ಎಡಗೈ ತನ್ನ ಹಳೆಯ ಚಾಳಿಗೆ ಹೋಗಿತ್ತು. ಅದರ ಜೊತೆಗೇ ಇನ್ನೊಂದು ನೆನಪಾಯಿತು. ಮೂವತ್ತು ವರ್ಷ ಒಮ್ಮೆಯೂ ನೆನಪಾಗದ್ದು. ಈ ಎಲ್ಬೋ ಮುಗಿಸಿದ ದಿನ ಅಪ್ಪ ಟಾರ್ಚು ಹತ್ತಿರ ತರಿಸಿಕೊಂಡಿದ್ದ. ಹೊರಗೆ ಬಂದ ಎಳೆಯನ್ನು ಬೆರಳಿನಿಂದ ಸವರಿದ್ದ. ವಿಭೂತಿ ಎಳೆದು, ಬೇರೆಲ್ಲ ಜೋಡಣೆಗೆ ಒಂದು ತಾಸು ಕಾಯುವವನು ಇದಕ್ಕೆ ಹೊತ್ತು ಮುಳುಗುವವರೆಗೂ ಕೂತಿದ್ದ. ಕಮಲಾಪುರದ ಬಸ್ಸು ತಪ್ಪುತ್ತದೆ ಎಂದು ನಾನು ಎರಡು ಸಲ ಹೇಳಿದೆ. ವಿಭೂತಿ ಬೆಳ್ಳಗೇ ಇತ್ತು. ನಾನು ಬೆವತು ಸುಸ್ತಾಗಿದ್ದೆ, ಕೈಯಲ್ಲಿ ಗುಳ್ಳೆ ಎದ್ದಿದ್ದವು. ನನ್ನ ಅಂಗೈ ನೋಡಿದ, ಎಲ್ಬೋ ನೋಡಿದ.

"ನಿಂತದ, ಇರ್ಲಿ ಬಿಡವ್ವ. ಗೋಡಿ ಮುಚ್ಚಸು."

ದಣಿದಿದ್ದಾನೆ, ಮನೆಗೆ ಹೋಗುವ ಅವಸರ ಎಂದುಕೊಂಡಿದ್ದೆ. ಅವನಿಗೆ ಗೊತ್ತಿತ್ತು. ಕಂಡೂ ಬಿಟ್ಟಿದ್ದ. ಯಾರಿಗೂ ಹೇಳಬೇಡ ಎಂದವನು, ಸೋರಿದ ದಿನ ಬೈಗುಳ ತನ್ನ ಹೆಸರಿಗೇ ಬರುತ್ತದೆ ಎಂದು ತಿಳಿದೇ ನನ್ನ ತಪ್ಪನ್ನು ತನ್ನ ಹೆಸರಿನ ಕೆಳಗೆ ಮುಚ್ಚಿಸಿ ಹೋಗಿದ್ದ. ಅಲ್ಲೇ ತೊಟ್ಟಿಯ ಕಟ್ಟೆ ಹಿಡಿದು ಕೂತುಬಿಟ್ಟೆ. ಅಳು ಬಂತು, ಸಿಟ್ಟೂ ಬಂತು. ಸತ್ತ ಅಪ್ಪನ ಮೇಲೆ ಸಿಟ್ಟು ಬರುತ್ತದೆಯೇ ಎಂದರೆ ಬರುತ್ತದೆ.

ಕೊಟ್ಟ ಮಾತು ಅಲ್ಲಿಗೆ ಮುಗಿಯಿತು ಎಂದು ನಾನೇ ತೀರ್ಮಾನ ಮಾಡಿದೆ. ಎದ್ದು ನಿಂತು ಇಬ್ಬರ ಮುಂದೆಯೂ ಹೇಳಿದೆ. ಇದು ಅಪ್ಪ ಮಾಡಿದ್ದಲ್ಲ, ನಾನು ಮಾಡಿದ್ದು. ಅವನ ಬಲಗೈ ಬಿದ್ದುಹೋಗಿತ್ತು. ಈ ಮನೆಯ ಒಂದೊಂದು ಜೋಡಣೆಯೂ ಈ ಎಡಗೈಯದು.

ನಮ್ಮ ಮನೆಯವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಎಲ್ಲಾ ನೀನ?"

"ಎಲ್ಲಾ ನಾನ."

"ಮತ್ತ ನಾ ಇಷ್ಟ್ ವರ್ಷ ನಿಮ್ಮಪ್ಪಗ ಹೊಗಳಿದ್ದು?"

"ನನಗ ಹೊಗಳೀರಿ. ಗೊತ್ತಿಲ್ದ ಹೊಗಳೀರಿ."

ರಫೀಕನ ಕಡೆ ತಿರುಗಿ, ಉಲ್ಟಾ ಸುತ್ತಿದ್ದೇ ಮೂವತ್ತು ವರ್ಷ ನಿಂತಿದೆ, ನಿನ್ನ ಸಲ್ಯೂಷನ್ ಸೀದಾ ಹಚ್ಚಿ ಅಷ್ಟು ನಿಲ್ಲಿಸಿ ತೋರಿಸು ಎಂದೆ. ಅವನು ಮೂರನೆಯ ಇಯತ್ತೆಯಲ್ಲಿ ಮಗ್ಗಿ ಬಾರದಾಗ ಮಾಡುತ್ತಿದ್ದ ಹಾಗೆಯೇ ನೆಲ ನೋಡಿ ನಕ್ಕ.

ಯೂನಿಯನ್ ಬಿಚ್ಚಿದ್ದು ಅವನೇ. ಆಮೇಲೆ ಎಲ್ಬೋದಲ್ಲಿದ್ದ ಗೇಣುದ್ದದ ತುಂಡು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಡೀಸೆಲ್ ಬಿಟ್ಟು, ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾದೆವು. ಮೂಲೆಯಲ್ಲಿ ರಫೀಕನ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಸರಿ ಅತ್ತ ಎಂದು ಪಾನಾ ನಾನು ಇಸಿದುಕೊಂಡೆ. ಮೂರನೆಯ ಸಲ ಎಳೆದಾಗ ಅದು ಕಿರ್ ಎಂದಿತು. ಮೊಣಕಾಲೂ ಅದೇ ಹೊತ್ತಿಗೆ ಕಿರ್ ಎಂದಿತು, ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಹಳೆಯ ಎಲ್ಬೋ ತೆಗೆದು ಅಂಗಡಿಯಿಂದ ಹೊಸದು, ಹೊಸ ತುಂಡು, ಹೊಸ ಸಫೇದಾ ತರಿಸಿದೆ. ಸಣಬಿನ ಬದಲು ಟೆಫ್ಲಾನ್ ಟೇಪು ಕೊಡುತ್ತೇನೆ ಎಂದ ರಫೀಕ, ಬೇಡ ಎಂದೆ. ಸಣಬು ಅಪ್ಪನ ಚೀಲದ್ದೇ. ಎಡಗೈಯಿಂದಲೇ ಸುತ್ತಿದೆ, ಈ ಸಲ ಸರಿಯಾದ ಕಡೆಗೆ, ಪ್ರತಿ ಸುತ್ತಿಗೂ ಬಾಯಲ್ಲಿ ಹೇಳಿಕೊಳ್ಳುತ್ತ. ಬಿಗಿ ಮಾಡಿದೆ. ಸಾಕು ಎಂದದ್ದು ಮೊಣಕೈಗೆ ಕೇಳಿಸಿತು.

ನೀರು ಬಿಟ್ಟು ಒರೆಸಿ ಸುಮ್ಮನೆ ನಿಂತಿದ್ದೆ. ವಿಭೂತಿ ಹಚ್ಚಿರಿ ಅಕ್ಕೋರೆ ಎಂದು ನೆನಪಿಸಿದವನು ರಫೀಕ. ಅವನ ಅಜ್ಜನ ಮನೆಯಲ್ಲಿ ಬಸಣ್ಣ ಮಿಸ್ತ್ರಿ ಸೀಮೆಸುಣ್ಣ ಹಚ್ಚಿ ಕೂತದ್ದನ್ನು ಮನೆಯಲ್ಲಿ ಈಗಲೂ ಹೇಳುತ್ತಾರಂತೆ. ಎಡಗೈಯ ಮೂರು ಬೆರಳಿನಿಂದ ಎಳೆದೆ. ಸಂಜೆಯವರೆಗೂ ಮೂವರೂ ಬಚ್ಚಲ ಹೊಸ್ತಿಲಲ್ಲಿ ಕುರ್ಚಿ ಹಾಕಿ ಕೂತೆವು, ನಡುವೆ ಎರಡು ಸಲ ಚಹಾ ಆಯಿತು. ಬೆಳ್ಳಗೇ ಉಳಿಯಿತು.

ಮುಂದಿನ ಬೇಸಿಗೆಗೆ ಮಾಳಿಗೆಯಿಂದ ಕೆಳಗಿನವರೆಗೆ ರಫೀಕನ ಪೈಪೇ ಬರಲಿದೆ, ಒಳಗೆ ಕಟ್ಟಿಕೊಂಡ ಪದರದ ಜೊತೆ ಹಟ ನಡೆಯುವುದಿಲ್ಲ ಎಂಬಷ್ಟು ಬುದ್ಧಿ ನನಗಿದೆ. ಆದರೆ ಈ ಮೂಲೆ ಮುಟ್ಟಕೂಡದು ಎಂದು ಕರಾರು ಮಾಡಿದ್ದೇನೆ. ತಟ್ಟೆಯಗಲದ ಕಿಂಡಿಗೆ ಗಿಲಾಯಿಯನ್ನೂ ಮಾಡಿಸಿಲ್ಲ. ಬಂದ ನೆಂಟರು ಬಚ್ಚಲಿಗೆ ಹೋಗಿ ಬಂದು, ಗೋಡೆ ಯಾಕೆ ತೆರೆದಿದೆ, ಆ ವಿಭೂತಿ ಯಾಕೆ ಎಂದು ಕೇಳುತ್ತಾರೆ. ನಮ್ಮ ಮನೆಯವರು ಹಳೆಯ ರೂಢಿಯಂತೆ ನಮ್ಮ ಮಾವನವರ ಎಂದು ಬಾಯಿ ತೆರೆದು ನನ್ನ ಕಡೆ ನೋಡುತ್ತಾರೆ. ಆಗ ನಾನು ಹೇಳುತ್ತೇನೆ, ಈ ಕೆಲಸ ನನ್ನದು, ಇನ್ನು ಮುಂದೆ ಸೋರಿದರೂ ನನ್ನದೇ, ಬಸಣ್ಣನದಲ್ಲ.